ಪಂಪ್‌ಶೆಡ್ಡಿನ ಚೀಟಿಯೂ ರಾಕೆಟ್ಟಿನ ಸಾಫ್ಟ್‌ವೇರೂ

ಇಸ್ರೋದ ಸಣ್ಣ ರಾಕೆಟ್ಟಾದ ಎಸ್‌ಎಸ್‌ಎಲ್‌ವಿಯ ತಂತ್ರಜ್ಞಾನವನ್ನು ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಗೆ, ಅಂದರೆ ಎಚ್‌ಎಎಲ್‌ಗೆ, ಹಸ್ತಾಂತರಿಸುವ ಒಪ್ಪಂದಕ್ಕೆ 2025ರ ಸೆಪ್ಟೆಂಬರ್ 10ರಂದು ಸಹಿ ಬಿತ್ತು. ಅದೇ ವರ್ಷದ ಜೂನ್‌ನಲ್ಲಿ ನಡೆದ ಬಿಡ್‌ನಲ್ಲಿ ಎಚ್‌ಎಎಲ್ 511 ಕೋಟಿ ರೂಪಾಯಿಗೆ ಈ ಹಕ್ಕನ್ನು ಗೆದ್ದುಕೊಂಡಿತ್ತು. ಸುದ್ದಿ ಪತ್ರಿಕೆಯಲ್ಲಿ ಬಂದ ದಿನ ನಮ್ಮೂರಿನ ವಾಚನಾಲಯದಲ್ಲಿ, ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿಯಾಗಿದ್ದು ಈಗ ಅಡಿಕೆ ತೋಟ ನೋಡಿಕೊಂಡಿರುವವರೊಬ್ಬರು ಪತ್ರಿಕೆ ಮಡಚಿಟ್ಟು ಕೇಳಿದರು: “ಮಾಷ್ಟ್ರೇ, ಇಷ್ಟು ಕೋಟಿ ಕೊಟ್ಟು ಅವರು ತೆಗೆದುಕೊಳ್ಳುವುದು ಏನನ್ನು? ರಾಕೆಟ್ಟನ್ನಾ, ಕಾಗದವನ್ನಾ?”

ಹೆಚ್ಚಾಗಿ ಕಾಗದವನ್ನು ಎಂದೆ. ಅವರು ನಂಬಲಿಲ್ಲ. ನಂಬದಿರುವುದೂ ಸಹಜ, ಕಬ್ಬಿಣ, ಇಂಧನ, ಬೆಂಕಿ ಇವೆಲ್ಲ ಕಣ್ಣಿಗೆ ಕಾಣುವಂಥವು, ಕಾಗದದಲ್ಲಿ ಬರೆದಿಟ್ಟ ತಿಳಿವಳಿಕೆ ಕಾಣುವಂಥದ್ದಲ್ಲ. ಆದರೆ ಬಾಹ್ಯಾಕಾಶ ಸಂಸ್ಥೆಗಳ ಚರಿತ್ರೆಯಲ್ಲಿ ಕೆಲವು ದೊಡ್ಡ ಸೋಲುಗಳು ಬಂದದ್ದು ಯಂತ್ರ ಕೆಟ್ಟದ್ದರಿಂದಲ್ಲ, ಒಬ್ಬರಿಗೆ ಗೊತ್ತಿದ್ದ ವಿಷಯ ಇನ್ನೊಬ್ಬರ ಕೈಗೆ ಸರಿಯಾದ ರೂಪದಲ್ಲಿ ತಲಪದೆ ಹೋದದ್ದರಿಂದ. ರಾಕೆಟ್ಟಿನ ಸಾಫ್ಟ್‌ವೇರನ್ನು ಹೇಗೆ ಕಟ್ಟುತ್ತಾರೆ, ಅದರ ಸುತ್ತಲಿನ ಮಾಹಿತಿಯನ್ನು ಹೇಗೆ ಹಂಚಿಕೊಳ್ಳುತ್ತಾರೆ ಎಂಬುದನ್ನು ಅವರಿಗೆ ಹೇಳಿದ್ದಕ್ಕಿಂತ ಸ್ವಲ್ಪ ವಿಸ್ತಾರವಾಗಿ ಇಲ್ಲಿ ಬರೆದಿದ್ದೇನೆ.

ರಾಕೆಟ್ಟನ್ನು ಓಡಿಸುವವರು ಯಾರು

ಉಪಗ್ರಹವೊಂದು ಭೂಮಿಗೆ ಹತ್ತಿರದ ಕಕ್ಷೆಯಲ್ಲಿ ನಿಲ್ಲಬೇಕಾದರೆ ಸೆಕೆಂಡಿಗೆ ಸುಮಾರು ಏಳೂವರೆ ಕಿಲೋಮೀಟರ್ ವೇಗ ಬೇಕು. ಆ ವೇಗದಲ್ಲಿ ಕಾಸರಗೋಡಿನಿಂದ ಮಂಗಳೂರಿಗೆ ಏಳು ಸೆಕೆಂಡು ಸಾಕು. ಹೀಗೆ ಓಡುವ ವಾಹನವನ್ನು ನೆಲದಲ್ಲಿ ಕುಳಿತವರು ಪರದೆ ನೋಡಿಕೊಂಡು ಕೈಯಿಂದ ತಿರುಗಿಸುವುದು ಆಗದ ಕೆಲಸ. ಅದನ್ನು ಓಡಿಸುವುದು ರಾಕೆಟ್ಟಿನ ಒಳಗೇ ಇರುವ ಕಂಪ್ಯೂಟರ್. ಆ ಕಂಪ್ಯೂಟರಿಗೆ ಏನು ಕಂಡಾಗ ಏನು ಮಾಡಬೇಕೆಂದು ಮೊದಲೇ ಬರೆದುಕೊಟ್ಟ ಆದೇಶಗಳ ಸಮೂಹವೇ ಸಾಫ್ಟ್‌ವೇರ್.

ಕಂಪ್ಯೂಟರಿಗೆ ಕಣ್ಣಿಲ್ಲ. ತಾನು ಎಲ್ಲಿದ್ದೇನೆಂದು ತಿಳಿಯಲು ಅದು ಸೆನ್ಸರುಗಳನ್ನು ನೆಚ್ಚಿಕೊಳ್ಳಬೇಕು. ದಿನವೂ ಮಂಗಳೂರಿಗೆ ಹೋಗಿಬರುವವರು ಬಸ್ಸಿನಲ್ಲಿ ಕಣ್ಣು ಮುಚ್ಚಿ ಕುಳಿತಿದ್ದರೂ ಕುಂಬಳೆ ಬಂತು, ಉಪ್ಪಳ ದಾಟಿತು, ತಲಪಾಡಿ ಸಮೀಪಿಸಿತು ಎಂದು ತಿರುವು, ಬ್ರೇಕು, ಎಳೆತಗಳಿಂದಲೇ ಲೆಕ್ಕ ಹಾಕುತ್ತಾರಲ್ಲ, ರಾಕೆಟ್ಟಿನ ಜಡತ್ವ ಸಂಚರಣ ವ್ಯವಸ್ಥೆಯೂ ಹಾಗೆಯೇ ಕೆಲಸ ಮಾಡುತ್ತದೆ. ವೇಗ ಎಷ್ಟು ಏರಿತು, ಎಷ್ಟು ಇಳಿಯಿತು ಎಂದು ಅಳೆಯುವ ಸಾಧನಕ್ಕೆ ಆಕ್ಸೆಲೆರೋಮೀಟರ್ ಎಂದೂ, ಎತ್ತ ತಿರುಗಿತು ಎಂದು ಅಳೆಯುವ ಸಾಧನಕ್ಕೆ ಗೈರೋಸ್ಕೋಪ್ ಎಂದೂ ಹೆಸರು. ಇವು ಕೊಟ್ಟ ಅಂಕಿಗಳನ್ನು ಸಾಫ್ಟ್‌ವೇರು ಸೆಕೆಂಡಿಗೆ ಹಲವು ಸಲ ಕೂಡಿಸಿ, ಇರಬೇಕಾದ ದಾರಿಯೊಂದಿಗೆ ಹೋಲಿಸಿ, ವ್ಯತ್ಯಾಸವಿದ್ದಷ್ಟು ಎಂಜಿನ್ನಿನ ನಳಿಕೆಯನ್ನು ವಾಲಿಸುತ್ತದೆ. ಅಳೆ, ಹೋಲಿಸು, ತಿದ್ದು ಎಂಬ ಈ ಸುತ್ತು ಎಲ್ಲಿಯೂ ಕಡಿಯದೆ ನಡೆಯುತ್ತಿರಬೇಕು.

ಮನೆಯಡುಗೆ, ಜಂಬರದ ಅಡುಗೆ

ಪ್ರೋಗ್ರಾಂ ಬರೆಯುವುದಕ್ಕೂ ಸಾಫ್ಟ್‌ವೇರ್ ಎಂಜಿನಿಯರಿಂಗಿಗೂ ಇರುವ ವ್ಯತ್ಯಾಸ ಮನೆಯಡುಗೆಗೂ ಜಂಬರದ ಅಡುಗೆಗೂ ಇರುವಂಥದ್ದು. ನಾಲ್ಕು ಮಂದಿಗೆ ಸಾರು ಮಾಡುವವರು ಏನನ್ನೂ ಬರೆದಿಡುವುದಿಲ್ಲ, ಉಪ್ಪು ಕಡಿಮೆಯಾದರೆ ಬಡಿಸುವಾಗ ಹಾಕಿದರಾಯಿತು. ಐನೂರು ಮಂದಿಯ ಊಟವಾದರೆ ಎಷ್ಟು ಜನ, ಯಾವ ಹೊತ್ತಿಗೆ, ಯಾವ ಬಗೆ ಎಂದು ಮೊದಲು ತೀರ್ಮಾನವಾಗಬೇಕು. ಸಾಮಾನಿನ ಪಟ್ಟಿ ಆಗಬೇಕು. ಯಾರು ಯಾವ ಒಲೆ ಎಂದು ಗೊತ್ತಾಗಬೇಕು. ಅಡುಗೆಯವರಲ್ಲದ ಒಬ್ಬರು ರುಚಿ ನೋಡಬೇಕು. ಕೊನೆ ಗಳಿಗೆಯಲ್ಲಿ ಯಾರೋ ಒಬ್ಬರು ಪಾಯಸಕ್ಕೆ ಬೆಲ್ಲದ ಬದಲು ಸಕ್ಕರೆ ಎಂದರೆ ಅದು ಹೇಳಬೇಕಾದವರಿಗೆಲ್ಲ ತಿಳಿಯಬೇಕು. ಸಾಫ್ಟ್‌ವೇರಿನಲ್ಲಿ ಇವೇ ಹಂತಗಳಿಗೆ ಅಗತ್ಯಗಳ ದಾಖಲೆ, ವಿನ್ಯಾಸ, ಕೋಡ್, ಸ್ವತಂತ್ರ ಪರಿಶೀಲನೆ, ಬದಲಾವಣೆಯ ನಿಯಂತ್ರಣ ಎಂದು ಹೆಸರಿದೆ. ಇವುಗಳಲ್ಲಿ ಕೋಡ್ ಬರೆಯುವುದು ಹಲವರು ಎಣಿಸಿದಷ್ಟು ದೊಡ್ಡ ಪಾಲಲ್ಲ.

ಸಾಫ್ಟ್‌ವೇರ್ ಎಂಜಿನಿಯರಿಂಗ್ ಎಂಬ ಮಾತನ್ನು ಬಳಕೆಗೆ ತಂದವರಲ್ಲಿ ಅಪೋಲೋ ನೌಕೆಗಳ ಸಾಫ್ಟ್‌ವೇರ್ ತಂಡವನ್ನು ಮುನ್ನಡೆಸಿದ ಮಾರ್ಗರೆಟ್ ಹ್ಯಾಮಿಲ್ಟನ್ ಪ್ರಮುಖರು. ಅವರು ಪುಟ್ಟ ಮಗಳನ್ನು ಪ್ರಯೋಗಾಲಯಕ್ಕೆ ಕರೆದುಕೊಂಡು ಹೋಗುವುದಿತ್ತು. ಒಂದು ದಿನ ಮಗು ಆಟವಾಡುತ್ತ ಅಣಕು ನೌಕೆಯ ಕೀಲಿಗಳನ್ನು ಒತ್ತಿದಾಗ, ಹಾರಾಟದ ನಡುವೆಯೇ ಉಡಾವಣೆಗೆ ಮುಂಚಿನ ಪಿ01 ಎಂಬ ಪ್ರೋಗ್ರಾಂ ಶುರುವಾಗಿ ಎಲ್ಲವೂ ಕುಸಿಯಿತು. ಇಂಥ ತಪ್ಪನ್ನು ತಡೆಯುವ ಆದೇಶವೊಂದನ್ನು ಸೇರಿಸೋಣವೆಂದು ಹ್ಯಾಮಿಲ್ಟನ್ ಕೇಳಿಕೊಂಡರೂ, ತರಬೇತಾದ ಗಗನಯಾತ್ರಿಗಳು ಹಾಗೆ ಮಾಡಲಾರರೆಂದು ನಾಸಾ ಒಪ್ಪಲಿಲ್ಲ. ಅವರು ಬೇರೆ ದಾರಿಯಿಲ್ಲದೆ, ಹಾರಾಟದಲ್ಲಿ ಪಿ01 ಆರಿಸಬೇಡಿ ಎಂದು ದಾಖಲೆಯಲ್ಲಿ ಒಂದು ಟಿಪ್ಪಣಿ ಸೇರಿಸಿದರು. 1968ರ ಡಿಸೆಂಬರಿನಲ್ಲಿ ಅಪೋಲೋ 8 ನೌಕೆಯಲ್ಲಿದ್ದ ಜಿಮ್ ಲೊವೆಲ್ ಕೈತಪ್ಪಿ ಅದನ್ನೇ ಆರಿಸಿದರು. ನೌಕೆಯ ಸಂಚರಣ ಲೆಕ್ಕವನ್ನು ಮತ್ತೆ ಕೂಡಿಸಬೇಕಾಯಿತು. ಕೋಡಿನಲ್ಲಿ ಇರಬೇಕಾದದ್ದನ್ನು ಟಿಪ್ಪಣಿಗೆ ಬಿಟ್ಟುಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸರಳ ಉದಾಹರಣೆ ನನಗೆ ಸಿಕ್ಕಿಲ್ಲ.

ಆರೂ ಮಂದಿ ಕಿವುಡರೆಂದು ತೀರ್ಮಾನಿಸಿದ ತರ್ಕ

ಈಗ ಎಚ್‌ಎಎಲ್‌ಗೆ ಹೋಗುತ್ತಿರುವ ಎಸ್‌ಎಸ್‌ಎಲ್‌ವಿಯ ಮೊದಲ ಹಾರಾಟ ನಡೆದದ್ದು 2022ರ ಆಗಸ್ಟ್ 7ರ ಬೆಳಿಗ್ಗೆ, ಶ್ರೀಹರಿಕೋಟಾದಿಂದ. ಅದರಲ್ಲಿ ಇಒಎಸ್-02 ಎಂಬ ಉಪಗ್ರಹದ ಜೊತೆ, ದೇಶದ 75 ಶಾಲೆಗಳ 750 ಹೆಣ್ಣುಮಕ್ಕಳು ಭಾಗಗಳನ್ನು ಸಿದ್ಧಪಡಿಸಿದ್ದ ಆಜಾದಿಸ್ಯಾಟ್ ಎಂಬ ಎಂಟು ಕಿಲೋ ತೂಕದ ಪುಟ್ಟ ಉಪಗ್ರಹವೂ ಇತ್ತು. ಮೂರು ಘನ ಇಂಧನದ ಹಂತಗಳೂ ಸರಿಯಾಗಿ ಉರಿದವು. ಆದರೂ ಉಪಗ್ರಹಗಳು 356 ಕಿಲೋಮೀಟರ್ ಎತ್ತರದ ವೃತ್ತಾಕಾರದ ಕಕ್ಷೆಯ ಬದಲು, ಒಂದು ತುದಿಯಲ್ಲಿ 356 ಕಿಲೋಮೀಟರ್, ಇನ್ನೊಂದು ತುದಿಯಲ್ಲಿ ಬರೀ 76 ಕಿಲೋಮೀಟರ್ ಎತ್ತರದ ಕಕ್ಷೆಗೆ ಬಿದ್ದವು. ಅಷ್ಟು ತಗ್ಗಿನಲ್ಲಿ ವಾಯುಮಂಡಲದ ಎಳೆತ ಬಲವಾಗಿರುವುದರಿಂದ ಅವು ಉಳಿಯಲಿಲ್ಲ.

ಆದದ್ದು ಇಷ್ಟು. ಎರಡನೆಯ ಹಂತ ಕಳಚಿಕೊಳ್ಳುವಾಗ ರಾಕೆಟ್ಟಿನೊಳಗೆ ಕ್ಷಣಮಾತ್ರ ಜೋರಾದ ಕಂಪನ ಉಂಟಾಗಿ, ಆಕ್ಸೆಲೆರೋಮೀಟರುಗಳು ತಮ್ಮ ಅಳತೆಯ ಮಿತಿ ಮುಟ್ಟಿದವು. ಸೆನ್ಸರ್ ಕೆಟ್ಟಿದೆಯೇ ಎಂದು ಕಾವಲು ಕಾಯುವ ತರ್ಕವೊಂದು ಸಾಫ್ಟ್‌ವೇರಿನಲ್ಲಿದೆ. ದೋಷ ಪತ್ತೆ ಮತ್ತು ಪ್ರತ್ಯೇಕಿಸುವಿಕೆ ಎಂದು ಅದನ್ನು ಕರೆಯುತ್ತಾರೆ. ಅದು ಆ ಕ್ಷಣದ ಅಂಕಿಗಳನ್ನು ನೋಡಿ ಆರೂ ಆಕ್ಸೆಲೆರೋಮೀಟರುಗಳು ಕೆಟ್ಟಿವೆ ಎಂದು ಘೋಷಿಸಿತು. ಜಾತ್ರೆಯಲ್ಲಿ ಪಕ್ಕದಲ್ಲೇ ಕದಿನ ಸಿಡಿದಾಗ ಅಲ್ಲಿ ನಿಂತ ಆರು ಮಂದಿಗೂ ಒಂದೆರಡು ಕ್ಷಣ ಕಿವಿ ಕೇಳಿಸುವುದಿಲ್ಲ. ಅಷ್ಟರಲ್ಲಿ ಮೇಲ್ವಿಚಾರಕ ಏನೋ ಕೇಳಿ, ಉತ್ತರ ಬಾರದ್ದರಿಂದ ಆರೂ ಮಂದಿ ಕಿವುಡರೆಂದು ಬರೆದುಕೊಂಡು ಮನೆಗೆ ಕಳಿಸಿದಂತಾಯಿತು ಇದು. ಸೆನ್ಸರುಗಳಿಲ್ಲ ಎಂದಾದ ಮೇಲೆ ರಾಕೆಟ್, ಕೈಲಾದಷ್ಟು ಉಳಿಸಿಕೊಳ್ಳುವ ಕುರುಡು ವಿಧಾನಕ್ಕೆ ಬದಲಾಯಿತು, ಬೇಕಾದ ವೇಗ ಸಿಗಲಿಲ್ಲ.

ಇಲ್ಲಿ ಯಾವ ಯಂತ್ರವೂ ಮುರಿದಿರಲಿಲ್ಲ, ಕೋಡಿನಲ್ಲಿ ಅಕ್ಷರದೋಷವೂ ಇರಲಿಲ್ಲ. ತರ್ಕ ತನಗೆ ಹೇಳಿದ್ದನ್ನೇ ಮಾಡಿತ್ತು. ಆ ಕಂಪನ ಎಷ್ಟು ಜೋರಾಗಿರುತ್ತದೆ, ಎಷ್ಟು ಹೊತ್ತು ಇರುತ್ತದೆ ಎಂಬ ವಾಸ್ತವ ಹಂತ ಕಳಚುವ ಭಾಗದಲ್ಲಿತ್ತು. ಎಷ್ಟು ಹೊತ್ತು ಕಾದು ತೀರ್ಪು ಕೊಡಬೇಕೆಂಬ ನಿರ್ಧಾರ ಸಾಫ್ಟ್‌ವೇರಿನಲ್ಲಿತ್ತು. ಎರಡರ ನಡುವಿನ ಹೊಂದಾಣಿಕೆ ತಪ್ಪಿತ್ತು. ಕಾರಣವನ್ನು ಇಸ್ರೋ ಬಹಿರಂಗವಾಗಿಯೇ ವಿವರಿಸಿತು. ತರ್ಕವನ್ನು ತಿದ್ದಲಾಯಿತು, ಕಂಪನ ಕಡಿಮೆಯಿರುವ ಕಳಚುವ ವ್ಯವಸ್ಥೆ ಬಂತು, ನಮ್ಮದೇ ನಾವಿಕ್ ಉಪಗ್ರಹಗಳ ಸಂಚರಣ ಮಾಹಿತಿಯನ್ನೂ ನೆರವಿಗೆ ಸೇರಿಸಲಾಯಿತು. 2023ರ ಫೆಬ್ರವರಿ 10ರ ಎರಡನೆಯ ಹಾರಾಟ ಸಫಲವಾಯಿತು, ಹೆಣ್ಣುಮಕ್ಕಳ ಎರಡನೆಯ ಉಪಗ್ರಹ ಆಜಾದಿಸ್ಯಾಟ್-2 ಕೂಡ ಅದರಲ್ಲೇ ಕಕ್ಷೆ ಸೇರಿತು.

‘ಪಟ್ಟಿ’ ತರಲು ಹೇಳಿದರೆ

ಎರಡು ಭಾಗಗಳು ಕೂಡುವ ಜಾಗಕ್ಕೆ ಎಂಜಿನಿಯರುಗಳು ಇಂಟರ್‌ಫೇಸ್ ಎನ್ನುತ್ತಾರೆ. ಇದನ್ನು ಕಾಸರಗೋಡಿನವರಿಗೆ ವಿವರಿಸುವುದು ಬಹಳ ಸುಲಭ. ಕನ್ನಡದಲ್ಲಿ ಪಟ್ಟಿ ಎಂದರೆ ಹೆಸರುಗಳ ಯಾದಿ, ಮಲಯಾಳದಲ್ಲಿ ಪಟ್ಟಿ ಎಂದರೆ ನಾಯಿ. ಅದೇ ಉಚ್ಚಾರ, ಅದೇ ಅಕ್ಷರಗಳು. ಕನ್ನಡ ಮಾತ್ರ ಬಲ್ಲವನೊಬ್ಬ ಕಚೇರಿಯಲ್ಲಿ ಪಟ್ಟಿ ತರಲು ಹೇಳಿದರೆ ಮಲಯಾಳ ಮಾತ್ರ ಬಲ್ಲವನು ಕಕ್ಕಾಬಿಕ್ಕಿಯಾಗುತ್ತಾನೆ. ಇಬ್ಬರ ಭಾಷೆಯೂ ಸರಿ, ಪದವೂ ಸರಿ. ಆ ಪದವನ್ನು ಯಾವ ಭಾಷೆಯಲ್ಲಿ ಓದಬೇಕೆಂಬ ಒಪ್ಪಂದ ಮಾತ್ರ ಇಲ್ಲ.

1999ರ ಸೆಪ್ಟೆಂಬರ್ 23ರಂದು ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಮಂಗಳನ ಬಳಿ ಕಳೆದುಹೋದದ್ದು ಹೀಗೆ. ನೌಕೆಯ ಸಣ್ಣ ಎಂಜಿನುಗಳು ಕೊಟ್ಟ ತಳ್ಳುವಿಕೆಯ ಲೆಕ್ಕವನ್ನು ಭೂಮಿಯ ಮೇಲಿನ ಒಂದು ತಂಡದ ಸಾಫ್ಟ್‌ವೇರು ಪೌಂಡ್ ಲೆಕ್ಕದಲ್ಲಿ ಬರೆದು ಕಳಿಸುತ್ತಿತ್ತು, ಇನ್ನೊಂದು ತಂಡದ ಸಾಫ್ಟ್‌ವೇರು ಅದೇ ಅಂಕಿಯನ್ನು ನ್ಯೂಟನ್ ಎಂದು ಓದಿಕೊಳ್ಳುತ್ತಿತ್ತು. ನ್ಯೂಟನ್ ಎಂಬುದು ಬಲವನ್ನು ಅಳೆಯುವ ಮೆಟ್ರಿಕ್ ಮಾನ. ನೂರು ಗ್ರಾಂ ತೂಕದ ವಸ್ತು ಅಂಗೈಯನ್ನು ಒತ್ತುವ ಬಲ ಹೆಚ್ಚುಕಡಿಮೆ ಒಂದು ನ್ಯೂಟನ್. ಒಂದು ಪೌಂಡ್ ಬಲ ಸುಮಾರು 4.45 ನ್ಯೂಟನ್‌ಗೆ ಸಮ. ಸೇರಿನಲ್ಲಿ ಅಳೆದದ್ದನ್ನು ಪಾವೆಂದು ಬರೆದುಕೊಂಡ ಹಾಗೆ, ಪ್ರತಿ ಸಲವೂ ತಳ್ಳುವಿಕೆ ಇದ್ದುದಕ್ಕಿಂತ ಕಡಿಮೆಯೆಂದು ಲೆಕ್ಕವಾಗುತ್ತ ಹೋಯಿತು. ಒಂದೊಂದು ಸಲದ ತಪ್ಪು ಕ್ಷುಲ್ಲಕ. ತಿಂಗಳುಗಟ್ಟಲೆ ಅದು ಸೇರುತ್ತ ಹೋಗಿ, ಮಂಗಳನ ನೆಲದಿಂದ 226 ಕಿಲೋಮೀಟರ್ ಎತ್ತರದಲ್ಲಿ ಸಾಗಬೇಕಿದ್ದ ನೌಕೆ ಸುಮಾರು 57 ಕಿಲೋಮೀಟರಿಗೆ ಇಳಿಯಿತು.

ಇದನ್ನು ಅಳತೆಯ ಗೊಂದಲ ಎಂದು ನಕ್ಕು ಮುಂದೆ ಹೋಗುವವರು ಹೆಚ್ಚು. ತನಿಖಾ ಮಂಡಳಿ ಅಲ್ಲಿಗೆ ನಿಲ್ಲಿಸಲಿಲ್ಲ. ಮೆಟ್ರಿಕ್ ಮಾನವನ್ನೇ ಬಳಸಬೇಕೆಂದು ಇಂಟರ್‌ಫೇಸ್ ದಾಖಲೆಯಲ್ಲಿ ಸ್ಪಷ್ಟವಾಗಿ ಬರೆದಿತ್ತು. ಬರೆದದ್ದು ಪಾಲನೆಯಾಗಿದೆಯೇ ಎಂದು ಕೊನೆಯವರೆಗೆ ಪರೀಕ್ಷಿಸಿ ನೋಡಿರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ನೌಕೆಯ ದಾರಿ ಏನೋ ತಪ್ಪುತ್ತಿದೆ ಎಂಬ ಅನುಮಾನ ಸಂಚರಣ ತಂಡದವರಿಗೆ ಮೊದಲೇ ಬಂದಿತ್ತು. ಅನುಮಾನ ಬಂದರೆ ತುಂಬಿ ಕೊಡಬೇಕಾದ ಅಧಿಕೃತ ನಮೂನೆಯೂ, ಅದನ್ನು ಹಿಂಬಾಲಿಸುವ ಕ್ರಮವೂ ಇದ್ದವು. ಆದರೆ ಅವರ ಅನುಮಾನ ಮಾತುಕತೆಯಲ್ಲೂ ಇಮೇಲಿನಲ್ಲೂ ಉಳಿಯಿತು, ಆ ಕ್ರಮದೊಳಗೆ ಬರಲಿಲ್ಲ. ಕಚೇರಿಗೆ ಅರ್ಜಿ ಬರೆದುಕೊಟ್ಟು ಸ್ವೀಕೃತಿ ಸಂಖ್ಯೆ ಪಡೆಯುವುದಕ್ಕೂ, ಮೆಟ್ಟಿಲಲ್ಲಿ ಸಿಕ್ಕ ಗುಮಾಸ್ತರಿಗೆ ಬಾಯಿಮಾತಿನಲ್ಲಿ ಹೇಳಿಬರುವುದಕ್ಕೂ ಏನು ವ್ಯತ್ಯಾಸವೆಂದು ನಮ್ಮಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಬರೆದದ್ದಕ್ಕೆ ಉತ್ತರ ಕೊಡುವ ಹೊಣೆ ಯಾರಾದರೊಬ್ಬರ ಮೇಲೆ ಬೀಳುತ್ತದೆ.

ಚೀಟಿ ಉಳಿಯಿತು, ಕಾರಣ ಹೋಯಿತು

ನಮ್ಮ ಮನೆಯ ಪಂಪ್‌ಶೆಡ್ಡಿನ ಗೋಡೆಯಲ್ಲಿ ಅಪ್ಪ ಬರೆದು ಅಂಟಿಸಿದ ಚೀಟಿಯೊಂದಿತ್ತು: “ಎರಡು ಕೊಡಪಾನ ನೀರು ಹೊಯ್ಯದೆ ಸ್ವಿಚ್ಚು ಹಾಕಬಾರದು.” ಕೆರೆಯ ದಂಡೆಯಲ್ಲಿದ್ದ ಹಳೆಯ ಪಂಪಿನಿಂದ ಗಾಳಿ ಹೊರಹೋಗಿ ನೀರು ತುಂಬದಿದ್ದರೆ ಅದು ನೀರೆತ್ತುತ್ತಿರಲಿಲ್ಲ, ಒಣಗಿ ತಿರುಗಿ ಸುಟ್ಟೂ ಹೋಗುತ್ತಿತ್ತು. ಆಮೇಲೆ ಕೊಳವೆಬಾವಿ ಬಂತು, ನೀರಿನೊಳಗೇ ಮುಳುಗಿರುವ ಮೋಟಾರು ಬಂತು, ಸ್ಟಾರ್ಟರ್ ಪೆಟ್ಟಿಗೆ ಮಾತ್ರ ಅದೇ ಗೋಡೆಯಲ್ಲಿ, ಆ ಚೀಟಿಯ ಕೆಳಗೇ ಉಳಿಯಿತು. ಒಂದು ಬೇಸಗೆಯಲ್ಲಿ ಹೊಸದಾಗಿ ಬಂದ ಕೆಲಸದಾಳು ಚೀಟಿ ಓದಿ, ಕೊಡಪಾನ ಹಿಡಿದುಕೊಂಡು ನೀರು ಹೊಯ್ಯುವ ಬಾಯಿಗಾಗಿ ಎಲ್ಲೆಡೆ ಹುಡುಕಿ, ಕಾಣದೆ, ನಾನು ಶಾಲೆಯಿಂದ ಬರುವವರೆಗೆ ಮೋಟಾರು ಹಾಕದೆ ಕುಳಿತಿದ್ದ. ಅವನದ್ದೇನೂ ತಪ್ಪಿಲ್ಲ. ಏನು ಮಾಡಬೇಕೆಂದು ಚೀಟಿಯಲ್ಲಿತ್ತು. ಏಕೆ, ಯಾವ ಪಂಪಿಗೆ ಎಂದು ಇರಲಿಲ್ಲ. ಚೀಟಿ ಕೀಳದೆ ಬಿಟ್ಟವನು ನಾನು.

ಇದನ್ನು ಹೇಳಿದ್ದು ಯುರೋಪಿನ ಏರಿಯಾನ್ 5 ರಾಕೆಟ್ಟಿಗಾಗಿ. 1996ರ ಜೂನ್ 4ರಂದು ಅದು ಮೊದಲ ಸಲ ಹಾರಿ ಒಂದು ನಿಮಿಷವೂ ಕಳೆಯುವ ಮುನ್ನ ದಾರಿ ತಪ್ಪಿ ಒಡೆದು ಚೂರಾಯಿತು. ಜೊತೆಗೆ ಕ್ಲಸ್ಟರ್ ಎಂಬ ನಾಲ್ಕು ವಿಜ್ಞಾನ ಉಪಗ್ರಹಗಳೂ ಹೋದವು. ಅದರ ಸಂಚರಣ ಸಾಧನದ ಸಾಫ್ಟ್‌ವೇರನ್ನು ಹಿಂದಿನ ಏರಿಯಾನ್ 4ರಿಂದ ತೆಗೆದುಕೊಳ್ಳಲಾಗಿತ್ತು. ಅಡ್ಡ ವೇಗಕ್ಕೆ ಸಂಬಂಧಿಸಿದ ಒಂದು ದೊಡ್ಡ ಸಂಖ್ಯೆಯನ್ನು ಅದು 16 ಬಿಟ್ಟಿನ ಸಣ್ಣ ಜಾಗಕ್ಕೆ ವರ್ಗಾಯಿಸುತ್ತಿತ್ತು. ಆ ಜಾಗದಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 32,767. ಏರಿಯಾನ್ 4ರ ದಾರಿಯಲ್ಲಿ ಸಂಖ್ಯೆ ಅಷ್ಟು ಬೆಳೆಯುತ್ತಿರಲಿಲ್ಲ, ಏರಿಯಾನ್ 5 ಬೇಗನೆ ಅಡ್ಡ ವೇಗ ಪಡೆಯುವ ರಾಕೆಟ್. ಸೇರಿನ ಪಾತ್ರೆಗೆ ಕಳಸೆ ಅಕ್ಕಿ ಸುರಿದಂತಾಗಿ ಸಾಧನ ಕೈಚೆಲ್ಲಿತು. ನೆರವಿಗೆ ಇಟ್ಟಿದ್ದ ಇನ್ನೊಂದು ಸಾಧನದಲ್ಲೂ ಅದೇ ಸಾಫ್ಟ್‌ವೇರ್ ಇದ್ದುದರಿಂದ ಅದೂ ಅದೇ ಕಾರಣಕ್ಕೆ, ಒಂದು ಕ್ಷಣ ಮೊದಲೇ ನಿಂತಿತ್ತು. ಸಾಧನ ನಿಲ್ಲುವಾಗ ಕಳಿಸಿದ ದೋಷಸಂದೇಶವನ್ನು ಮುಖ್ಯ ಕಂಪ್ಯೂಟರು ಹಾರಾಟದ ಅಂಕಿಯೆಂದು ಓದಿಕೊಂಡು ನಳಿಕೆಗಳನ್ನು ಪೂರ್ತಿ ವಾಲಿಸಿಬಿಟ್ಟಿತು. ಪಟ್ಟಿಯ ಕಥೆ ಇಲ್ಲಿ ಮತ್ತೊಮ್ಮೆ. ಇನ್ನೂ ಬೇಸರದ ಸಂಗತಿಯೆಂದರೆ, ಆ ಲೆಕ್ಕ ಮಾಡುತ್ತಿದ್ದ ಭಾಗಕ್ಕೆ ರಾಕೆಟ್ ನೆಲ ಬಿಟ್ಟ ಮೇಲೆ ಏರಿಯಾನ್ 5ರಲ್ಲಿ ಕೆಲಸವೇ ಇರಲಿಲ್ಲ.

ಫ್ರಾನ್ಸಿನ ಗಣಿತಜ್ಞ ಝಾಕ್-ಲೂಯಿ ಲಿಯೋನ್ಸ್ ಅಧ್ಯಕ್ಷತೆಯ ಸಮಿತಿ ಮುಂದಿನ ತಿಂಗಳೇ ವರದಿ ಕೊಟ್ಟಿತು. ಹೀಗೆ ಉಕ್ಕಿ ಹರಿಯಬಹುದಾದ ಏಳು ಸಂಖ್ಯೆಗಳನ್ನು ಏರಿಯಾನ್ 4ರವರು ಗುರುತಿಸಿದ್ದರು. ಕಂಪ್ಯೂಟರಿಗೆ ಹೊರೆಯಾಗಬಾರದೆಂದು ನಾಲ್ಕಕ್ಕೆ ಮಾತ್ರ ರಕ್ಷಣೆ ಕೊಟ್ಟು, ಮೂರು ಮಿತಿ ಮೀರಲಾರವು ಎಂದು ಯೋಚಿಸಿಯೇ ಬಿಟ್ಟಿದ್ದರು. ಅದು ಅವಸರದ ತಪ್ಪಲ್ಲ, ಆ ರಾಕೆಟ್ಟಿಗೆ ಸರಿಯಾಗಿದ್ದ ನಿರ್ಧಾರ. ಆದರೆ ಆ ನಿರ್ಧಾರದ ಕಾರಣ ಕೋಡಿನ ಜೊತೆಗೆ ಎಲ್ಲೂ ಇರಲಿಲ್ಲ. ಕೋಡಿಗೆ ಕೊಡುವಷ್ಟೇ ಗಮನವನ್ನು ಅದರ ಸಮರ್ಥನೆಯ ದಾಖಲೆಗಳಿಗೂ ಕೊಡಬೇಕೆಂದು ಸಮಿತಿ ಶಿಫಾರಸು ಮಾಡಿತು. ವರದಿ ಗುಟ್ಟಾಗಿ ಉಳಿಯಲಿಲ್ಲ. ಪ್ರಪಂಚದಾದ್ಯಂತ ಸಾಫ್ಟ್‌ವೇರ್ ಕಲಿಯುವವರು ಅದನ್ನು ಇಂದಿಗೂ ಓದುತ್ತಾರೆ.

ಒಳ್ಳೆಯ ಚೀಟಿಯ ಉದಾಹರಣೆಯೂ ಇದೆ. 1969ರ ಜುಲೈ 20ರಂದು ಅಪೋಲೋ 11 ಚಂದ್ರನ ಮೇಲೆ ಇಳಿಯುತ್ತಿದ್ದಾಗ ಕಂಪ್ಯೂಟರು 1202 ಎಂಬ ಎಚ್ಚರಿಕೆ ತೋರಿಸಿತು. ಅದಕ್ಕೆ ಅನಗತ್ಯ ಕೆಲಸಗಳ ಹೊರೆ ಬಿದ್ದಿತ್ತು. ಪಂಕ್ತಿಯಲ್ಲಿ ಎಣಿಸಿದ್ದಕ್ಕಿಂತ ಜನ ಹೆಚ್ಚಾದಾಗ ಸುಧರಿಕೆಯ ಯಜಮಾನರು ಮೊದಲು ಅನ್ನ, ಸಾರು ನೋಡಿ, ಉಳಿದದ್ದು ಆಮೇಲೆ ಎನ್ನುವಂತೆ, ಆ ಸಾಫ್ಟ್‌ವೇರು ಮುಖ್ಯವಲ್ಲದ್ದನ್ನು ಬದಿಗಿಟ್ಟು ಇಳಿಸುವ ಕೆಲಸವನ್ನು ಉಳಿಸಿಕೊಳ್ಳುತ್ತಿತ್ತು. ಆದರೆ ನೆಲದಲ್ಲಿದ್ದವರಿಗೆ ಅದು ಗೊತ್ತಾಗುವುದು ಹೇಗೆ? ಅದಕ್ಕೆ ಕೆಲವೇ ದಿನ ಮೊದಲು ಅಭ್ಯಾಸದ ವೇಳೆ ಇಂಥ ಎಚ್ಚರಿಕೆಯೊಂದು ಬಂದಾಗ ಗಲಿಬಿಲಿಯಾಗಿದ್ದರಿಂದ, ಬರಬಹುದಾದ ಎಲ್ಲ ಎಚ್ಚರಿಕೆಗಳನ್ನೂ ಅವುಗಳಿಗೆ ಏನು ಮಾಡಬೇಕೆಂಬುದನ್ನೂ ನಾಸಾದ 24 ವರ್ಷದ ಎಂಜಿನಿಯರ್ ಜ್ಯಾಕ್ ಗಾರ್ಮನ್ ಕೈಯಲ್ಲೇ ಬರೆದು ಮೇಜಿನ ಮೇಲೆ ಇಟ್ಟುಕೊಂಡಿದ್ದರು. ಅದನ್ನು ನೋಡಿ ಅವರು ಹೇಳಿದ ಮಾತಿನ ಮೇಲೆ ಇಳಿಯುವಿಕೆ ಮುಂದುವರಿಯಿತು.

ಮಾಹಿತಿ ಮೇಲಕ್ಕೆ ಹೋಗುವಾಗ

ಇಸ್ರೋದ ಕೆಲಸ ಒಂದೇ ಛಾವಣಿಯಡಿ ನಡೆಯುವುದಿಲ್ಲ. ರಾಕೆಟ್ಟುಗಳ ವಿನ್ಯಾಸ ನಮ್ಮದೇ ರಾಜ್ಯವಾದ ಕೇರಳದ ದಕ್ಷಿಣ ತುದಿಯ ತುಂಬಾದಲ್ಲಿ; 1963ರ ನವೆಂಬರ್ 21ರಂದು ದೇಶದ ನೆಲದಿಂದ ಮೊದಲ ಬಾಹ್ಯಾಕಾಶ ಸಂಶೋಧನಾ ರಾಕೆಟ್ ಹಾರಿದ್ದೂ ಅಲ್ಲಿಂದಲೇ. ಉಪಗ್ರಹಗಳು ಸಿದ್ಧವಾಗುವುದು ಬೆಂಗಳೂರಿನಲ್ಲಿ, ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್ ಅವರ ಹೆಸರಿನ ಕೇಂದ್ರದಲ್ಲಿ. ಉಪಗ್ರಹಗಳ ಉಪಕರಣಗಳು ಅಹಮದಾಬಾದಿನಲ್ಲಿ, ಉಡಾವಣೆ ಶ್ರೀಹರಿಕೋಟಾದಲ್ಲಿ. ಹೀಗಾಗಿ ಪ್ರತಿ ಹಂತದಲ್ಲೂ ಪರಾಮರ್ಶೆಯ ಸಭೆಗಳು, ಇಂಟರ್‌ಫೇಸ್ ದಾಖಲೆಗಳು, ಏನಾದರೂ ಎಡವಟ್ಟಾದರೆ ವೈಫಲ್ಯ ವಿಶ್ಲೇಷಣಾ ಸಮಿತಿಗಳು ಇರುತ್ತವೆ. ದಾಖಲೆ ಇದ್ದರೆ ಸಾಲದು, ಓದುವವರ ಕಣ್ಣಿಗೆ ಬೀಳಬೇಕಾದದ್ದು ಬೀಳುವಂತಿರಬೇಕು. ಮಲಯಾಳದಲ್ಲಿ ಮಾತ್ರ ಅಚ್ಚಾದ ಸುತ್ತೋಲೆಯನ್ನು ಕೈಯಲ್ಲಿ ಹಿಡಿದು ನಿಂತ ಕನ್ನಡಿಗ ಹಿರಿಯರಿಗೆ ಈ ಮಾತು ಥಟ್ಟನೆ ಅರ್ಥವಾದೀತು.

ಕಲ್ಪನಾ ಚಾವ್ಲಾ ಸೇರಿ ಏಳು ಮಂದಿಯನ್ನು ಹೊತ್ತ ಕೊಲಂಬಿಯಾ ನೌಕೆಯ ರೆಕ್ಕೆಗೆ, 2003ರ ಜನವರಿ 16ರಂದು ಉಡಾವಣೆಯಾದ ಒಂದೂವರೆ ನಿಮಿಷದೊಳಗೆ, ಇಂಧನ ತೊಟ್ಟಿಯ ಹೊದಿಕೆಯಿಂದ ಕಳಚಿದ ಫೋಮಿನ ತುಂಡೊಂದು ಬಡಿದಿತ್ತು. ಎಂಜಿನಿಯರುಗಳು ಅದನ್ನು ಗಮನಿಸಿ ವಿಶ್ಲೇಷಿಸಿ ಮೇಲಿನವರಿಗೆ ಸ್ಲೈಡುಗಳಲ್ಲಿ ತೋರಿಸಿದರು. ಹಿಂದಿನ ಪರೀಕ್ಷೆಗಳಲ್ಲಿ ಬಳಸಿದ ತುಂಡು 3 ಘನ ಅಂಗುಲದ್ದು, ಬಡಿದ ತುಂಡು 1,920 ಘನ ಅಂಗುಲದ್ದೆಂಬ ಅಂದಾಜು, ಅಂದರೆ 640 ಪಟ್ಟು. ಆ ಪರೀಕ್ಷೆಗಳನ್ನು ನೆಚ್ಚಿಕೊಳ್ಳುವಂತಿಲ್ಲ ಎಂದು ಸಾರಬೇಕಿದ್ದ ಈ ಹೋಲಿಕೆ ಸ್ಲೈಡಿನ ತೀರಾ ಕೆಳಗಿನ ಸಾಲಿನಲ್ಲಿ, ಸಣ್ಣ ಅಕ್ಷರದಲ್ಲಿತ್ತು. ತಲೆಬರಹ ಓದಿದವರಿಗೆ ನೆಮ್ಮದಿಯೆನಿಸುವಂತಿತ್ತು. ಕಕ್ಷೆಯಲ್ಲಿದ್ದ ನೌಕೆಯ ಚಿತ್ರ ತೆಗೆಸಬೇಕೆಂಬ ಎಂಜಿನಿಯರುಗಳ ಕೋರಿಕೆಯೂ ಮುಂದೆ ಸಾಗಲಿಲ್ಲ. ಫೆಬ್ರವರಿ 1ರಂದು ಮರಳುವಾಗ ನೌಕೆ ಒಡೆದು ಏಳೂ ಮಂದಿ ತೀರಿಕೊಂಡರು. ತನಿಖಾ ಮಂಡಳಿ ಆ ಸ್ಲೈಡನ್ನೇ ವರದಿಯಲ್ಲಿ ಅಚ್ಚುಹಾಕಿ, ಗಂಭೀರ ತಾಂತ್ರಿಕ ವರದಿಗಳ ಬದಲು ಸ್ಲೈಡು ಬಳಸುವ ರೂಢಿಯನ್ನು ಟೀಕಿಸಿತು.

ಚಂದ್ರಯಾನ-2ರ ವಿಕ್ರಮ್ 2019ರ ಸೆಪ್ಟೆಂಬರ್ 7ರ ಮುಂಜಾನೆ ಬಿದ್ದಾಗ ಏನಾಯಿತೆಂದು ಸರಕಾರ ಲೋಕಸಭೆಗೆ ಲಿಖಿತವಾಗಿ ತಿಳಿಸಿತು: 30 ಕಿಲೋಮೀಟರ್ ಎತ್ತರದಿಂದ 7.4 ಕಿಲೋಮೀಟರಿನವರೆಗೆ ಎಲ್ಲ ಸರಿಯಿತ್ತು, ವೇಗ ಸೆಕೆಂಡಿಗೆ 1,683 ಮೀಟರಿನಿಂದ 146 ಮೀಟರಿಗೆ ಇಳಿದಿತ್ತು, ಎರಡನೆಯ ಹಂತದಲ್ಲಿ ಮಾತ್ರ ವೇಗ ವಿನ್ಯಾಸಕ್ಕಿಂತ ಹೆಚ್ಚು ತಗ್ಗಿತು. ಎಂಜಿನುಗಳು ಎಣಿಸಿದ್ದಕ್ಕಿಂತ ಹೆಚ್ಚು ತಳ್ಳಿದ್ದವು, ಸಾಫ್ಟ್‌ವೇರಿಗೆ ಅಷ್ಟು ತಪ್ಪನ್ನು ಅಷ್ಟು ಬೇಗ ತಿದ್ದುವ ಅವಕಾಶ ಇರಲಿಲ್ಲ, ಜೊತೆಗೆ ಇಳಿಯಬೇಕಾದ ಜಾಗ 500 ಮೀಟರ್ ಉದ್ದಗಲದ ಚೌಕವಷ್ಟೇ ಆಗಿತ್ತು ಎಂದು 2023ರಲ್ಲಿ ಇಸ್ರೋದ ಅಧ್ಯಕ್ಷರಾಗಿದ್ದ ಎಸ್. ಸೋಮನಾಥ್ ವಿವರಿಸಿದರು. ಚಂದ್ರಯಾನ-3ರಲ್ಲಿ ಏನು ಕೈಕೊಡಬಹುದು ಎಂಬ ಪ್ರಶ್ನೆಯಿಂದಲೇ ವಿನ್ಯಾಸ ಆರಂಭಿಸಲಾಯಿತು: ಸೆನ್ಸರ್ ಕೆಟ್ಟರೆ, ಎಂಜಿನ್ ಕೆಟ್ಟರೆ, ಲೆಕ್ಕ ತಪ್ಪಿದರೆ ಹೇಗೆ ಎಂದು. ಇಳಿಯುವ ಪ್ರದೇಶ ಸುಮಾರು 4 ಕಿಲೋಮೀಟರ್ ಉದ್ದ, 2.4 ಕಿಲೋಮೀಟರ್ ಅಗಲಕ್ಕೆ ಹಿಗ್ಗಿತು. 2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ವಿಕ್ರಮ್ ಇಳಿದದ್ದನ್ನು ನಾವೆಲ್ಲ ನೋಡಿದ್ದೇವೆ.

ಎಲ್ಲವನ್ನೂ ಹಂಚಬಹುದೇ

ಇಲ್ಲ. ಉಪಗ್ರಹವನ್ನು ಕಕ್ಷೆಗೆ ಒಯ್ಯುವ ಮಾರ್ಗದರ್ಶನ ಸಾಫ್ಟ್‌ವೇರಿಗೂ ಕ್ಷಿಪಣಿಯನ್ನು ಗುರಿಗೆ ಒಯ್ಯುವ ಸಾಫ್ಟ್‌ವೇರಿಗೂ ತಳಹದಿ ಒಂದೇ ಆದ್ದರಿಂದ, ಕ್ಷಿಪಣಿ ತಂತ್ರಜ್ಞಾನದ ಹರಡುವಿಕೆಯನ್ನು ತಡೆಯುವ ಅಂತಾರಾಷ್ಟ್ರೀಯ ಒಕ್ಕೂಟವೊಂದಿದೆ. ಭಾರತ 2016ರ ಜೂನ್‌ನಲ್ಲಿ ಅದರ ಸದಸ್ಯನಾಯಿತು. ಯಾವುದನ್ನು ಅನುಮತಿಯಿಲ್ಲದೆ ಹೊರದೇಶಕ್ಕೆ ಕೊಡುವಂತಿಲ್ಲ ಎಂಬ ಪಟ್ಟಿ, ಕನ್ನಡದ ಅರ್ಥದ ಪಟ್ಟಿ, ನಮ್ಮ ಸರಕಾರದ ಬಳಿಯೂ ಇದೆ.

ಗುರಿ ತೋರಿಸುವ ಲೆಕ್ಕಗಳನ್ನು ಬಿಟ್ಟರೆ ಮುಕ್ತವಾಗಿ ಸಿಗುವುದು ಕಡಿಮೆಯೇನಲ್ಲ. ಅಪೋಲೋದ ಕೋಡನ್ನು ಯಾರು ಬೇಕಾದರೂ ಓದಬಹುದು. 2021ರ ಏಪ್ರಿಲ್ 19ರಂದು ಮಂಗಳನಲ್ಲಿ ಮೊದಲು ಹಾರಿದ ಇಂಜೆನ್ಯುಯಿಟಿ ಹೆಲಿಕಾಪ್ಟರಿನಲ್ಲಿದ್ದ ಎಫ್ ಪ್ರೈಮ್ ಎಂಬ ಸಾಫ್ಟ್‌ವೇರ್ ಚೌಕಟ್ಟನ್ನು ನಾಸಾ ಉಚಿತವಾಗಿ ಹಂಚಿದೆ. ಚಂದ್ರಯಾನಗಳು ಕಳಿಸಿದ ವಿಜ್ಞಾನದ ದತ್ತಾಂಶವನ್ನು ಇಸ್ರೋ ಸಂಶೋಧಕರಿಗೂ ವಿದ್ಯಾರ್ಥಿಗಳಿಗೂ ತೆರೆದಿಟ್ಟಿದೆ. ಇಲ್ಲಿಯ ಕಾಲೇಜಿನ ಮಕ್ಕಳು ಹೆಸರು ನೋಂದಾಯಿಸಿಕೊಂಡು ಅದನ್ನು ಇಳಿಸಿಕೊಳ್ಳಬಹುದು.

511 ಕೋಟಿಗೆ ಸಿಗುವುದು

ಎಚ್‌ಎಎಲ್ ಜೊತೆಗಿನ ಒಪ್ಪಂದದಲ್ಲಿ ವಿನ್ಯಾಸ, ತಯಾರಿ, ಗುಣಮಟ್ಟದ ತಪಾಸಣೆ, ಜೋಡಣೆ, ಉಡಾವಣೆ, ಹಾರಿದ ಬಳಿಕದ ವಿಶ್ಲೇಷಣೆ ಇವೆಲ್ಲಕ್ಕೆ ಸಂಬಂಧಿಸಿದ ದಾಖಲೆಗಳು ಸೇರಿವೆ. ಅವುಗಳ ಜೊತೆ ತರಬೇತಿಯೂ ಇದೆ. ಅವಧಿ 24 ತಿಂಗಳು. ಆ ಅವಧಿಯಲ್ಲಿ ಎರಡು ರಾಕೆಟ್ಟುಗಳನ್ನು ಎಚ್‌ಎಎಲ್ ತಯಾರಿಸುವಾಗ ಇಸ್ರೋದವರು ಜೊತೆಗೆ ನಿಲ್ಲುತ್ತಾರೆ.

ಈ ಕೊನೆಯ ಮಾತು ನನ್ನ ಹಳೆಯ ವಿದ್ಯಾರ್ಥಿಗೆ ಬೇಗ ಹಿಡಿಸಿತು. ಕೊಳೆರೋಗಕ್ಕೆ ಅಡಿಕೆ ಗೊನೆಗಳಿಗೆ ಬಿಡುವ ಬೋರ್ಡೋ ಮದ್ದಿನ ಲೆಕ್ಕ ಒಂದು ಸಾಲಿನದು: ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಯಾವುದನ್ನು ಯಾವುದಕ್ಕೆ ಹೊಯ್ಯಬೇಕು, ಕಬ್ಬಿಣದ ಪಾತ್ರೆ ಏಕೆ ಆಗದು ಎಂಬುದನ್ನೂ ಬರೆದಿಡಬಹುದು. ಉಜ್ಜಿ ಶುಚಿ ಮಾಡಿದ ಕತ್ತಿಯನ್ನು ಮದ್ದಿನಲ್ಲಿ ಅದ್ದಿ, ಅಲಗಿಗೆ ಕೆಂಪು ಬಣ್ಣ ಹತ್ತಿದರೆ ಸುಣ್ಣ ಸಾಲದು ಎಂದು ತಿಳಿಯುವ ಪರೀಕ್ಷೆಯನ್ನೂ ಬರೆಯಬಹುದು. ಆದರೆ ಆ ಕೆಂಪು ಎಷ್ಟು ಕೆಂಪು ಎಂಬುದನ್ನು ಅವರಿಗೆ ಅವರ ಅಪ್ಪ ಕತ್ತಿ ಹಿಡಿದು ತೋರಿಸಿಯೇ ಕಲಿಸಬೇಕಾಯಿತು.

“ಹಾಗಾದರೆ ಎರಡು ರಾಕೆಟ್ ಆದ ಮೇಲೆ ಕತ್ತಿ ಅದ್ದಿ ನೋಡುವವರು ಯಾರು ಮಾಷ್ಟ್ರೇ?” ಎಂದು ಅವರು ಕೇಳಿದರು. ತಯಾರಿಯ ತಪಾಸಣೆ ಎಚ್‌ಎಎಲ್‌ದೇ ಆಗುತ್ತದೆ. ಇಸ್ರೋದ ಹೊರಗಿನವರು ಹಾರಿಸುವ ರಾಕೆಟ್ಟುಗಳಿಗೆ ಅನುಮತಿ ನೀಡಲು ಬಾಹ್ಯಾಕಾಶ ಇಲಾಖೆಯಡಿ ಇನ್-ಸ್ಪೇಸ್ ಎಂಬ ಪ್ರತ್ಯೇಕ ಸಂಸ್ಥೆಯಿದೆ. ಈ ಒಪ್ಪಂದಕ್ಕೆ ಅದೂ ಸಹಿ ಹಾಕಿದೆ.